ಅಂಗದ ಅರಿವು, ಅಂತರಂಗದ ಅರಿವು

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಮಾರ್ಗದಲ್ಲಿರುವ ಗಬ್ಬೂರು ಹಳೆಯ ಗುಡಿಗಳ, ಶಾಸನಗಳ ಊರು. ಇಲ್ಲಿಗೆ ಬರುವ ಸದ್ಭಕ್ತರು ಕಲ್ಲಿನ ಕೆತ್ತನೆಯನ್ನು ಕಣ್ತುಂಬ ನೋಡುತ್ತಾರೆ, ಕಂಬವನ್ನು ಮುಟ್ಟಿ ನೋಡುತ್ತಾರೆ. ಹುಟ್ಟಿನಿಂದ ಜೊತೆಗಿರುವ ತಮ್ಮ ಶರೀರವನ್ನು ಅಷ್ಟೇ ಲಕ್ಷ್ಯದಿಂದ ನೋಡಿದವರು ಮಾತ್ರ ವಿರಳ. ಬಸವಾದಿ ಶರಣರು ಕಲ್ಲಿನ ಗುಡಿಗಿಂತ ಮನುಷ್ಯನ ಕಾಯಕ್ಕೆ ಹೆಚ್ಚಿನ ಮನ್ನಣೆ ಕೊಟ್ಟರೆಂದು ನಾವೆಲ್ಲ ವೇದಿಕೆಗಳ ಮೇಲೆ ಹೇಳುತ್ತೇವೆ. ಆ ಮಾತಿಗೆ ನಿತ್ಯದ ಬದುಕಿನಲ್ಲಿ ಏನು ಅರ್ಥವೆಂಬುದನ್ನು ಇಲ್ಲಿ ವಿಚಾರಿಸೋಣ.

ಕಾಲುವೆಯ ಕೊನೆಯಂಚಿನ ಹೊಲದ ರೈತನಿಗೆ ಸರದಿಯ ನೀರು ಬರಲಿಲ್ಲವೆನ್ನೋಣ. ಮೇಲಿನ ಹೊಲದವನು ದಾರಿಯಲ್ಲಿ ಎದುರಾಗುತ್ತಾನೆ. ಬಾಯಿಂದ ಮಾತು ಹೊರಡುವ ಮೊದಲೇ ಇವನ ದವಡೆ ಬಿಗಿದಿರುತ್ತದೆ, ಕಿವಿ ಬಿಸಿಯಾಗಿರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲಿಯೇ ಓಡುತ್ತಿರುತ್ತದೆ. ‘ನನಗೇನೂ ಸಿಟ್ಟಿಲ್ಲ’ ಎಂದು ಮನಸ್ಸು ಹೇಳಬಹುದು. ದವಡೆ ಹಾಗೆ ಹೇಳದು. ಆ ಬಿಗಿತವನ್ನು ಅಲ್ಲಿಯೇ ಗುರುತಿಸಿದವನಿಗೆ ಒಂದು ಉಸಿರಿನಷ್ಟು ಅವಕಾಶ ಸಿಗುತ್ತದೆ. ನಮ್ಮ ಕಡೆಯ ಅಣ್ಣತಮ್ಮಂದಿರ ಎಷ್ಟೋ ಬದುವಿನ ವ್ಯಾಜ್ಯಗಳು ಆ ಒಂದು ಉಸಿರಿಗೆ ಎಡೆ ಸಿಗದೆ ಕೋರ್ಟಿನ ಮೆಟ್ಟಿಲೇರಿವೆ.

ಪಶ್ಚಿಮದ ವಿದ್ವಾಂಸರೂ ಈ ದಿಕ್ಕಿನಲ್ಲಿ ಆಲೋಚಿಸಿದ್ದಾರೆ. ದೇಹದಲ್ಲಾಗುವ ಬದಲಾವಣೆಯ ಅನುಭವವೇ ಭಾವನೆಯೆಂದು ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದರು. ಯೂಜೀನ್ ಜೆಂಡ್ಲಿನ್ ಅವರು 1978ರಲ್ಲಿ ಪ್ರಕಟಿಸಿದ ‘ಫೋಕಸಿಂಗ್’ ಎಂಬ ಗ್ರಂಥದಲ್ಲಿ, ಮಾತಿಗೆ ಇನ್ನೂ ಸಿಕ್ಕದ ದೇಹದೊಳಗಿನ ಅಸ್ಪಷ್ಟ ಅನಿಸಿಕೆಯ ಬಳಿ ತಾಳ್ಮೆಯಿಂದ ಕುಳಿತು, ಅದಕ್ಕೆ ಒಪ್ಪುವ ಶಬ್ದವನ್ನು ಹುಡುಕುವ ಕ್ರಮವನ್ನು ವಿವರಿಸಿದರು.

ನಮ್ಮಲ್ಲಿ ಈ ವಿಚಾರ ಸಾಧನೆಯ ಅಂಗವೇ ಆಗಿದೆ. ಚನ್ನಬಸವಣ್ಣನವರ ಹೆಸರಿನಲ್ಲಿರುವ ‘ಕರಣ ಹಸಿಗೆ’ಯು ಶರೀರ, ಇಂದ್ರಿಯ, ಕರಣಗಳನ್ನು ಒಂದೊಂದಾಗಿ ವಿಂಗಡಿಸಿ ತಿಳಿಸುತ್ತದೆ. ಷಟ್‌ಸ್ಥಲ ಶಾಸ್ತ್ರದಲ್ಲಿ ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂಬ ಸಂಬಂಧವಿದೆ. ಇಂದ್ರಿಯಗಳನ್ನು ಕೊಲ್ಲಬೇಕೆಂದು ಇಲ್ಲಿ ಹೇಳಿಲ್ಲ. ಅವು ಏನನ್ನು ಮುಟ್ಟುತ್ತಿವೆ, ಏತಕ್ಕೆ ಮುಟ್ಟುತ್ತಿವೆ ಎಂಬ ಎಚ್ಚರವನ್ನು ಕೇಳಲಾಗಿದೆ.

ಇಷ್ಟಲಿಂಗ ಪೂಜೆಗೆ ಕುಳಿತಾಗ ಇದನ್ನು ಪ್ರತ್ಯಕ್ಷವಾಗಿ ಕಾಣಬಹುದು. ಎಡಗೈಯ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿಯನ್ನು ನೆಲೆಗೊಳಿಸಿದ ಸ್ವಲ್ಪ ಹೊತ್ತಿಗೇ ತೋಳು ಭಾರವಾಗುತ್ತದೆ, ಮೊಣಕೈ ನಡುಗುತ್ತದೆ. ಆಗ ಮನಸ್ಸು ಹೂಡುವ ನೆಪಗಳನ್ನು ಗಮನಿಸಬೇಕು: ಹೊಲಕ್ಕೆ ತಡವಾಯಿತು, ಹಾಲಿನವನು ಬಂದ, ಫೋನು ಬಾರಿಸಿತು. ತೋಳಿನ ನೋವು ಸಣ್ಣದು, ಅದರಿಂದ ತಪ್ಪಿಸಿಕೊಳ್ಳುವ ಆತುರ ದೊಡ್ಡದು. ನಾವು ಸಂಸಾರದಲ್ಲಿ ಕಷ್ಟ ಬಂದಾಗ ಹೇಗೆ ನುಣುಚಿಕೊಳ್ಳುತ್ತೇವೆಂಬುದು ಆ ಅಂಗೈಯ ಮುಂದೆಯೇ ತಿಳಿದುಬಿಡುತ್ತದೆ. ಎರಡು ನಿಮಿಷದಲ್ಲಿ ವಿಭೂತಿ ಧರಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ ಏಳುವವರಿಗೆ ಈ ಪಾಠ ಸಿಗದು. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇವೆ.

ನಮ್ಮ ಜಿಲ್ಲೆಯವರೇ ಆದ ಶರಣ ದಂಪತಿಯನ್ನು ಇಲ್ಲಿ ನೆನೆಯಬೇಕು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಮರಳಿ ಕಳುಹಿಸಿದಳು. ಹೊಟ್ಟೆಗೆ ಎಷ್ಟು ಬೇಕು, ಆಸೆಗೆ ಎಷ್ಟು ಬೇಕು ಎಂಬ ಭೇದ ಆಕೆಗೆ ಸ್ಪಷ್ಟವಾಗಿತ್ತು. ಹಸಿವು ಹೊಟ್ಟೆಯಲ್ಲಿ ಹುಟ್ಟಿ, ಉಂಡೊಡನೆ ಶಾಂತವಾಗುತ್ತದೆ. ಆಸೆ ಉಂಡ ಮೇಲೆಯೂ ಕಣ್ಣಿನಲ್ಲಿ, ಕೈಬೆರಳಿನಲ್ಲಿ ಚಡಪಡಿಸುತ್ತದೆ. ಮದುವೆಯ ಆಡಂಬರಕ್ಕೆ ಸಾಲದ ಕಾಗದಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಎದೆ ಹಿಂಡಿದಂತಾಗಿದ್ದನ್ನು ಹಲವರು ಆಮೇಲೆ ನೆನೆಯುತ್ತಾರೆ. ಅಂದು ಆ ಹಿಂಡುವಿಕೆಯನ್ನು ಕೇಳಿಸಿಕೊಂಡಿದ್ದರೆ, ಸಂಜೆ ಮನೆಗೆ ಹೋಗಿ ಹೆಂಡತಿಯೊಡನೆ ಒಮ್ಮೆ ಲೆಕ್ಕ ನೋಡಬಹುದಿತ್ತು.

ಶರೀರದ ಅರಿವೆಂದರೆ ಅದನ್ನು ದಂಡಿಸಿ ಗಟ್ಟಿಮಾಡುವುದಲ್ಲ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನು ಕತ್ತಿಗೂ ಜಗ್ಗದ ವಜ್ರಕಾಯವನ್ನು ಪಡೆದಿದ್ದರೂ ಅಲ್ಲಮಪ್ರಭುಗಳ ಮುಂದೆ ಅದರ ಹಮ್ಮು ಉಳಿಯಲಿಲ್ಲ. ಹಾಗೆಯೇ ದೇಹದ ಪ್ರತಿಯೊಂದು ಸಂಕೇತವನ್ನೂ ಮನಸ್ಸಿನ ಭಾವವೆಂದು ತಿಳಿಯುವುದೂ ಅಪಾಯ. ಎದೆನೋವು ತೋಳಿಗೋ ದವಡೆಗೋ ಹರಡಿ ಬೆವರು ಕಿತ್ತುಬಂದರೆ ಕಣ್ಣು ಮುಚ್ಚಿ ಕುಳಿತುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಬೇಸಿಗೆಯಲ್ಲಿ ಹೊಲದಲ್ಲಿದ್ದಾಗ ತಲೆ ತಿರುಗಿದರೆ ಅದು ನೆರಳನ್ನೂ ನೀರನ್ನೂ ಕೇಳುವ ಕರೆ.

ನಾಳೆ ಬೆಳಗಿನ ಪೂಜೆಗೆ ಕುಳಿತಾಗ ಐದು ನಿಮಿಷ ಹೆಚ್ಚು ಇಟ್ಟುಕೊಳ್ಳಿರಿ. ಹಣೆ, ದವಡೆ, ಹೆಗಲು, ಎದೆ, ಹೊಟ್ಟೆ, ಕಾಲು ಎಂಬ ಕ್ರಮದಲ್ಲಿ ಲಕ್ಷ್ಯವನ್ನು ನಿಧಾನವಾಗಿ ಇಳಿಸಿರಿ. ಎಲ್ಲಿ ಬಿಗಿತವಿದೆಯೋ ಅಲ್ಲಿ ನಿಲ್ಲಿಸಿ, ಅದನ್ನು ಸರಿಪಡಿಸಲು ಹೋಗದೆ, ಇದು ಯಾವ ಮಾತು, ಯಾರ ಮೇಲಿನದು ಎಂದು ಕೇಳಿಕೊಳ್ಳಿರಿ. ಮೊದಲ ದಿನ ಉತ್ತರ ಬಾರದಿದ್ದರೆ ಲಿಂಗವನ್ನು ಧರಿಸಿಕೊಂಡು ಕಾಯಕಕ್ಕೆ ಹೊರಡಿರಿ, ಮರುದಿನ ಮತ್ತೆ ಕೇಳಿರಿ.