ಎರಡು ಗೆಣ್ಣುಗಳ ನಡುವೆ ಒಂದೇ ಕೋಶ

ಸುಳ್ಳದ ಓದುಗರೊಬ್ಬರು ವಾಟ್ಸಾಪಿನಲ್ಲಿ ಬಂದ ಸುದ್ದಿಯೊಂದನ್ನು ಕಳಿಸಿ ಕೇಳಿದ್ದಾರೆ: ‘ಮಿದುಳ ಇಲ್ಲದ, ಒಂದ ಕೋಶದ ಜೀವಿ ವಿಚಾರ ಮಾಡಿ ನಿರ್ಧಾರ ತಗೋತೈತಂತ. ಬರಿಗಣ್ಣಿಗೂ ಕಾಣತೈತಂತ. ನಮ್ಮ ಹೊಲದ ಹೊಂಡದಾಗೂ ಇರಬಹುದೇನ್ರೀ?’

ಇರಬಹುದು. ಸುದ್ದಿಯಲ್ಲಿರುವುದು ಸ್ಟೆಂಟರ್. ನಿಂತ ಸಿಹಿನೀರಿನಲ್ಲಿ ಎಲೆ, ಕಡ್ಡಿಗೆ ಅಂಟಿಕೊಂಡು ಬದುಕುವ ಈ ಜೀವಿ ಒಂದೆರಡು ಮಿಲಿಮೀಟರಿನಷ್ಟು ಉದ್ದ. ಕಿರಿಕಿರಿ ಮಾಡಿದರೆ ಬಾಗುತ್ತದೆ, ಬಾಯ ಸುತ್ತಲಿನ ರೋಮಗಳನ್ನು ಹಿಮ್ಮುಖ ಬೀಸುತ್ತದೆ, ಮುದುರುತ್ತದೆ. ಯಾವುದಕ್ಕೂ ಕಾಟ ತಪ್ಪದಿದ್ದರೆ ಬುಡ ಕಿತ್ತುಕೊಂಡು ಹೊರಟುಬಿಡುತ್ತದೆ. ಜೀವವಿಜ್ಞಾನಿ ಹರ್ಬರ್ಟ್ ಜೆನ್ನಿಂಗ್ಸ್ ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದ. 1967ರಲ್ಲಿ ಬೇರೊಂದು ಪ್ರಭೇದದ ಮೇಲೆ ಪ್ರಯೋಗ ಮಾಡಿದವರು ಹಾಗೇನೂ ಇಲ್ಲವೆಂದರು. 2019ರಲ್ಲಿ ಹಾರ್ವರ್ಡಿನ ತಂಡವೊಂದು ಜೆನ್ನಿಂಗ್ಸ್ ನೋಡಿದ್ದ ಪ್ರಭೇದವನ್ನೇ ಹಿಡಿದು, ಆತ ಹೇಳಿದ್ದು ಸರಿ ಎಂದಿತು. ‘ವಿಚಾರ ಮಾಡುತ್ತದೆ’ ಎಂಬುದು ಮಾತ್ರ ಸುದ್ದಿಯವರು ಹಾಕಿದ ಒಗ್ಗರಣೆ.

ನನಗೆ ಅದಕ್ಕಿಂತ ರುಚಿಸುವುದು ಅಂಥದೇ ಹೊಂಡಗಳಲ್ಲಿ ಬೆಳೆಯುವ, ಯಾರೂ ಸುದ್ದಿ ಮಾಡದ ಒಂದು ಪಾಚಿ: ಕಾರಾ, ಮತ್ತು ಅದರ ದಾಯಾದಿ ನಿಟೆಲ್ಲಾ. ಹೊಸದಾಗಿ ತೋಡಿದ ಹೊಂಡದ ತಿಳಿನೀರೆಂದರೆ ಕಾರಾಕ್ಕೆ ಇಷ್ಟ. ನೀರಿನಲ್ಲಿ ಸುಣ್ಣದಂಶವಿದ್ದರೆ ಇನ್ನೂ ಇಷ್ಟ, ಎರಿ ಹೊಲದಲ್ಲಿ ಅದಕ್ಕೇನೂ ಬರವಿಲ್ಲ. ಕೈಯಲ್ಲಿ ಹಿಡಿದರೆ ಗರಗರ ಎನ್ನುತ್ತದೆ, ಹಿಸುಕಿದರೆ ಬೆಳ್ಳುಳ್ಳಿಯಂಥ ಘಾಟು. ಇಡೀ ಗಿಡ ಏಕಕೋಶ ಜೀವಿಯಲ್ಲ, ನಿಜ. ಆದರೆ ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿನವರೆಗಿನ ತುಂಡು, ಹಲವು ಸೆಂಟಿಮೀಟರ್ ಉದ್ದದ್ದು, ಒಂದೇ ಜೀವಕೋಶ! ಅದರೊಳಗೆ ಕೋಶಕೇಂದ್ರಗಳೇ ಸಾವಿರದ ಲೆಕ್ಕದಲ್ಲಿರುತ್ತವೆ.

ಇಷ್ಟುದ್ದದ ಕೋಶಕ್ಕೆ ಸಾಗಾಣಿಕೆಯೇ ದೊಡ್ಡ ತಲೆನೋವು. ಸಕ್ಕರೆಯ ಕಣವೊಂದು ತನ್ನಷ್ಟಕ್ಕೆ ಹರಡಿಕೊಂಡು ಮಾಮೂಲಿ ಕೋಶ ದಾಟಲು ಸೆಕೆಂಡೂ ಬೇಡ. ಐದು ಸೆಂಟಿಮೀಟರಿಗಾದರೆ ವಾರಗಳೇ ಬೇಕು, ಏಕೆಂದರೆ ದೂರ ಹತ್ತುಪಟ್ಟಾದರೆ ಕಾಲ ನೂರುಪಟ್ಟಾಗುತ್ತದೆ. ಅದಕ್ಕೇ ಈ ಕೋಶ ತನ್ನ ರಸವನ್ನು ಸದಾ ಓಡಿಸುತ್ತಿರುತ್ತದೆ. 1774ರಲ್ಲಿ ಇಟಲಿಯ ಪಾದ್ರಿ ಬೊನವೆಂಚುರಾ ಕಾರ್ಟಿ ಈ ಓಟವನ್ನು ಮೊದಲು ಕಂಡು ಬರೆದ.

ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ದಾರಿ ನೆನಪಿಸಿಕೊಳ್ಳಿ. ಒಂದು ಕಡೆ ಹೋಗುವ ಬಸ್ಸು, ಇನ್ನೊಂದು ಕಡೆ ಬರುವ ಬಸ್ಸು, ತುದಿಯಲ್ಲಿ ತಿರುವು. ಕೋಶದೊಳಗೂ ರಸ ಒಂದು ಮಗ್ಗುಲಲ್ಲಿ ಏರಿ ಇನ್ನೊಂದು ಮಗ್ಗುಲಲ್ಲಿ ಇಳಿಯುತ್ತದೆ. ನಡುವೆ ಹಸಿರು ಕಣಗಳೇ ಇಲ್ಲದ ಬೋಳು ಪಟ್ಟಿಯೊಂದು ಡಿವೈಡರಿನಂತೆ ಇರುತ್ತದೆ. ರಸ್ತೆಯೆಂದರೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಬಸ್ಸು, ಆ ಎಳೆಗಳ ಮೇಲೆ ಓಡುವ ಮಯೊಸಿನ್ ಎಂಬ ಇನ್ನೊಂದು ಪ್ರೋಟೀನ್. ಬಸ್ಸಿನ ರಭಸಕ್ಕೆ ಅಕ್ಕಪಕ್ಕದ ಗಾಳಿಯೂ ಸೆಳೆತಕ್ಕೆ ಸಿಕ್ಕಿ ಹೋಗುವಂತೆ ಸುತ್ತಲಿನ ರಸವೂ ಜೊತೆಗೆ ಸಾಗುತ್ತದೆ. ವೇಗ ಸೆಕೆಂಡಿಗೆ ಸುಮಾರು 50ರಿಂದ 100 ಮೈಕ್ರೋಮೀಟರ್. ವಾರಗಳ ದಾರಿ ಕೆಲವೇ ನಿಮಿಷಕ್ಕೆ ಇಳಿಯಿತು.

ಆಕ್ಟಿನ್, ಮಯೊಸಿನ್ ಎರಡೂ ನಮ್ಮ ಸ್ನಾಯುಗಳಲ್ಲೂ ಇವೆ. 1983ರಲ್ಲಿ ವಿಜ್ಞಾನಿಗಳಾದ ಮೈಕೆಲ್ ಶೀಟ್ಜ್ ಮತ್ತು ಜೇಮ್ಸ್ ಸ್ಪುಡಿಚ್ ನಿಟೆಲ್ಲಾದ ಕೋಶವನ್ನು ಸೀಳಿ, ಬಿಡಿಸಿ, ಒಳಗಿನದನ್ನೆಲ್ಲ ತೊಳೆದು, ಬರೀ ರಸ್ತೆ ಉಳಿಸಿಕೊಂಡರು. ಮೊಲದ ಸ್ನಾಯುವಿನ ಮಯೊಸಿನ್ ಅನ್ನು ಪುಟ್ಟ ಮಣಿಗಳಿಗೆ ಸವರಿ, ಇಂಧನವಾಗಿ ಎಟಿಪಿ ಹಾಕಿ ಅದರ ಮೇಲೆ ಬಿಟ್ಟರು. ಮೊಲದ ಬಸ್ಸು ಪಾಚಿಯ ರಸ್ತೆಯಲ್ಲಿ ಸರಾಗವಾಗಿ ಓಡಿತು! ಸ್ನಾಯುವಿನ ಚಲನೆಯನ್ನು ಸ್ನಾಯುವಿನಿಂದ ಹೊರಗೆ, ಕಣ್ಣೆದುರಿಗೇ ಅಳೆಯುವ ದಾರಿ ಹೀಗೆ ತೆರೆಯಿತು. 2012ರಲ್ಲಿ ಇವರಿಬ್ಬರಿಗೂ, ಇಂಥದೇ ಸಂಶೋಧನೆ ಮಾಡಿದ ರೊನಾಲ್ಡ್ ವೇಲ್‌ಗೂ ವೈದ್ಯಕೀಯ ಸಂಶೋಧನೆಯ ಲಾಸ್ಕರ್ ಪ್ರಶಸ್ತಿ ಬಂತು. ಸ್ಪುಡಿಚ್ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಹೃದಯಸ್ನಾಯು ಸಂಶೋಧನೆಯಲ್ಲೂ ಕೈಜೋಡಿಸಿದರು. ಅವರೂ ಸೇರಿ ಕಟ್ಟಿದ ಕಂಪನಿಯಲ್ಲಿ ಹುಟ್ಟಿದ ಮಾವಕ್ಯಾಮ್ಟೆನ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯದ ಗೋಡೆ ದಪ್ಪಗಾಗುವ ಕಾಯಿಲೆಯಲ್ಲಿ ಮಯೊಸಿನ್‌ನ ಅತಿಯಾಟಕ್ಕೆ ಅದು ಕಡಿವಾಣ ಹಾಕುತ್ತದೆ. ಅಂದಹಾಗೆ, ಕಾರಾದ ಸ್ವಂತ ಮಯೊಸಿನ್ ಮೊಲದ್ದಕ್ಕಿಂತ ಹತ್ತುಪಟ್ಟು ಚುರುಕು.

ನರದ ಕಥೆಯೂ ಇಲ್ಲಿ ಹಾದುಹೋಗುತ್ತದೆ. ಈ ಕೋಶವನ್ನು ತಟ್ಟಿದರೆ ಅದರುದ್ದಕ್ಕೂ ವಿದ್ಯುತ್ ಸಂಕೇತ ಹರಿದು, ಓಟ ಗಕ್ಕನೆ ನಿಲ್ಲುತ್ತದೆ. ನಮ್ಮ ನರದಲ್ಲಿ ಮಿಲಿಸೆಕೆಂಡಿನಲ್ಲಿ ಮುಗಿಯುವುದು ಇಲ್ಲಿ ಸೆಕೆಂಡುಗಟ್ಟಲೆ ನಡೆಯುವುದರಿಂದ ಅಳೆಯುವವರಿಗೆ ಪುರಸೊತ್ತು. ಕೋಲ್ ಮತ್ತು ಕರ್ಟಿಸ್ ಎಂಬ ವಿಜ್ಞಾನಿಗಳು 1938ರಲ್ಲಿ ನಿಟೆಲ್ಲಾದಲ್ಲಿ ಈ ಸಂಕೇತ ಹರಿಯುವಾಗಿನ ವಿದ್ಯುತ್ ಬದಲಾವಣೆಯನ್ನು ಅಳೆದು, ಮರುವರ್ಷ ಸ್ಕ್ವಿಡ್‌ನ ನರದಲ್ಲಿ ಅದೇ ಬಗೆಯ ಬದಲಾವಣೆ ತೋರಿಸಿದರು.

ಓಟ ನೋಡಲು ಶಾಲೆಯ ಸೂಕ್ಷ್ಮದರ್ಶಕ ಸಾಕು. ನಿಟೆಲ್ಲಾ ಸಿಕ್ಕರೆ ಒಳ್ಳೆಯದು, ಅದಕ್ಕೆ ಸುಣ್ಣದ ಕವಚ ಕಡಿಮೆ. ಇಲ್ಲವಾದರೆ ಕಾರಾದ ತುದಿಯ ಎಳೆಯ ಕವಲು ಆರಿಸಿಕೊಳ್ಳಿ. ಹೊಂಡದ ನೀರಿನಲ್ಲೇ ಗಾಜಿನ ಮೇಲಿಡಿ, ಒತ್ತಬೇಡಿ. ಕತ್ತರಿಸಿದ ಪೆಟ್ಟಿಗೆ ಹರಿವು ನಿಂತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.