ಸೈನ್ಯಕ್ಕೆ ದಾರಿ ತೋರಿಸಿದವರಿಗೆ ಸಿಕ್ಕಿದ್ದು ಸೆರೆ

1886ರ ಸೆಪ್ಟೆಂಬರ್ 8ರಂದು ಅರಿಜೋನಾದ ಬೋವಿ ನಿಲ್ದಾಣದಿಂದ ಫ್ಲಾರಿಡಾದತ್ತ ಒಂದು ರೈಲು ಹೊರಟಿತು. ಒಳಗಿದ್ದವರು ನಾಲ್ಕು ದಿನಗಳ ಹಿಂದಷ್ಟೇ ಶರಣಾಗಿದ್ದ, ಅಪಾಚೆ ಎಂಬ ಮೂಲನಿವಾಸಿ ಜನಾಂಗದ ನಾಯಕ ಜೆರೊನಿಮೊ ಮತ್ತು ಅವನ ಕಡೆಯವರು. ಅದೇ ರೈಲಿನಲ್ಲಿ ಕಯಿಟಾ, ಮಾರ್ಟೀನ್ ಎಂಬ ಇನ್ನಿಬ್ಬರು ಅಪಾಚೆಗಳನ್ನೂ ಕೈದಿಗಳಾಗಿ ಕೂರಿಸಲಾಗಿತ್ತು. ಅವರು ಮಾಡಿದ ಅಪರಾಧವೇನೂ ಇರಲಿಲ್ಲ. ಜೆರೊನಿಮೊನನ್ನು ಶರಣಾಗುವಂತೆ ಒಪ್ಪಿಸಲು ಅಮೆರಿಕದ ಸೈನ್ಯದ ಲೆಫ್ಟಿನೆಂಟ್ ಗೇಟ್‌ವುಡ್ ಮೆಕ್ಸಿಕೋದ ಬೆಟ್ಟಗಳಿಗೆ ಹೋದಾಗ, ಬಂದೂಕುಗಳ ಎದುರು ಜೀವದ ಹಂಗು ತೊರೆದು ಜೆರೊನಿಮೊನ ಬಿಡಾರಕ್ಕೆ ಮೊದಲು ನಡೆದುಹೋಗಿ ಮಾತುಕತೆಗೆ ದಾರಿ ಮಾಡಿಕೊಟ್ಟವರು ಇವರೇ.

ಆ ಬೇಸಿಗೆಯಲ್ಲಿ ಜೆರೊನಿಮೊನನ್ನು ಹಿಡಿಯುವ ಹೊಣೆ ಹೊತ್ತಿದ್ದ ಜನರಲ್ ಮೈಲ್ಸ್ ಕೈಕೆಳಗೆ ಸುಮಾರು 5,000 ಸೈನಿಕರಿದ್ದರು. ಬೆನ್ನಟ್ಟಬೇಕಿದ್ದದ್ದು 40 ಜನರೂ ಇಲ್ಲದ ಗುಂಪನ್ನು. ಆದರೂ ಒಬ್ಬನೂ ಕೈಗೆ ಸಿಗಲಿಲ್ಲ. ಮೈಲ್ಸ್‌ಗಿಂತ ಮುಂಚೆ ಅಲ್ಲಿದ್ದ ಜನರಲ್ ಜಾರ್ಜ್ ಕ್ರೂಕ್ ಇದನ್ನು 1871ರಲ್ಲೇ ಮನಗಂಡಿದ್ದ: ಆ ಬಂಡೆಗಳ ನಾಡಿನಲ್ಲಿ ಅಪಾಚೆಯ ಜಾಡು ಹಿಡಿಯಬಲ್ಲವನು ಇನ್ನೊಬ್ಬ ಅಪಾಚೆ ಮಾತ್ರ. 1872-73ರ ಚಳಿಗಾಲದ ಕಾರ್ಯಾಚರಣೆ ಸೈನ್ಯಕ್ಕೆ ಸೇರಿಸಿಕೊಂಡ ಇಂಥ ಅಪಾಚೆ ಜಾಡುಗಾರರ, ಅಂದರೆ ಸ್ಕೌಟ್‌ಗಳ, ಬಲದಿಂದಲೇ ನಡೆಯಿತು. ಅವರಲ್ಲಿ ಹತ್ತು ಮಂದಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ‘ಮೆಡಲ್ ಆಫ್ ಆನರ್’ ಬಂತು. 1883ರಲ್ಲಿ ಕ್ರೂಕ್ ಮೆಕ್ಸಿಕೋದ ಸಿಯೆರಾ ಮಾದ್ರೆ ಪರ್ವತಗಳೊಳಗೆ ನುಗ್ಗಿದಾಗ ಅವನ ಜೊತೆಗಿದ್ದ ಅಪಾಚೆ ಸ್ಕೌಟ್‌ಗಳು 193, ಬಿಳಿಯ ಸೈನಿಕರು ಐವತ್ತರ ಆಸುಪಾಸು.

ತಮ್ಮವರ ವಿರುದ್ಧವೇ ಇವರು ಏಕೆ ಬಂದೂಕು ಹಿಡಿದರು? ‘ದ್ರೋಹ’ ಎಂದುಬಿಡುವುದು ಸುಲಭ, ಆದರೆ ಅನ್ಯಾಯ. ಸ್ಕೌಟ್‌ಗಳಲ್ಲಿ ಬಹುಪಾಲು ಶ್ವೇತಪರ್ವತ (ವೈಟ್ ಮೌಂಟನ್) ಪಂಗಡದ ಕಡೆಯವರು. ಜೆರೊನಿಮೊನ ಚಿರಿಕಾವಾ ಪಂಗಡ ಅವರಿಗೆ ‘ತಮ್ಮವರು’ ಆಗಿರಲೇ ಇಲ್ಲ. ಸರ್ಕಾರ ಅಪಾಚೆಗಳನ್ನು ಇರಿಸಿದ್ದ ಮೀಸಲು ಪ್ರದೇಶದಲ್ಲಿ ಪಡಿತರಕ್ಕೆ ಸಾಲುಗಟ್ಟಿ ನಿಲ್ಲುವ ಗಂಡಸಿಗೆ ತಿಂಗಳಿಗೆ 13 ಡಾಲರ್ ಸಂಬಳ, ಕೈಯಲ್ಲಿ ಬಂದೂಕು, ಬೆಟ್ಟದಲ್ಲಿ ಓಡಾಡುವ ಸ್ವಾತಂತ್ರ್ಯ ಸಣ್ಣ ವಿಷಯವಲ್ಲ. ಚಿರಿಕಾವಾದವನೇ ಆದ ಚಾಟೊ ಸ್ಕೌಟ್ ಆದದ್ದಕ್ಕೆ ಇನ್ನೂ ಎದೆ ಕಲಕುವ ಕಾರಣವಿತ್ತು. ಅವನ ಹೆಂಡತಿ, ಮಕ್ಕಳು ಮೆಕ್ಸಿಕೋದಲ್ಲಿ ಸೆರೆಯಾಗಿದ್ದರು. ಅಮೆರಿಕನ್ನರು ಬಿಡಿಸಿ ತರುತ್ತಾರೆಂದು ಅವನು ನಂಬಿದ್ದ.

ನಿಷ್ಠೆಗೂ ಮಿತಿಯಿತ್ತು. 1881ರ ಆಗಸ್ಟ್‌ನಲ್ಲಿ ಸಿಬೆಕ್ಯೂ ತೊರೆಯ ಬಳಿ ತಮ್ಮ ಧಾರ್ಮಿಕ ಗುರುವನ್ನು ಸೈನ್ಯ ಬಂಧಿಸಿದಾಗ ಸ್ಕೌಟ್‌ಗಳು ಸೈನಿಕರ ಮೇಲೆಯೇ ಗುಂಡು ಹಾರಿಸಿದರು. ಮರುವರ್ಷ ಮೂವರನ್ನು ಗಲ್ಲಿಗೇರಿಸಲಾಯಿತು.

ದುಭಾಷಿಗಳ ಪಾಡು ಬೇರೆ. ಅಧಿಕಾರಿಯ ಇಂಗ್ಲಿಷ್ ಮಾತು ಹಲವು ಸಲ ಮೊದಲು ಸ್ಪ್ಯಾನಿಷ್‌ಗೆ, ಅಲ್ಲಿಂದ ಅಪಾಚೆ ಭಾಷೆಗೆ ಹೋಗಬೇಕಿತ್ತು. ಅಪಾಚೆ-ಸ್ಪ್ಯಾನಿಷ್ ಎರಡೂ ಬಲ್ಲ ದುಭಾಷಿಗಳಲ್ಲಿ ಹಲವರು ಬಾಲ್ಯದಲ್ಲಿ ಅಪಹರಣಕ್ಕೊಳಗಾಗಿ ಅಪಾಚೆಗಳ ನಡುವೆ ಬೆಳೆದ ಮೆಕ್ಸಿಕನ್ನರು. ಮಿಕಿ ಫ್ರೀ ಅಂಥವನು. 1861ರಲ್ಲಿ ಹುಡುಗನಾಗಿದ್ದ ಅವನನ್ನು ಹೊತ್ತೊಯ್ದಾಗ ಲೆಫ್ಟಿನೆಂಟ್ ಬ್ಯಾಸ್ಕಮ್ ಆ ಆರೋಪವನ್ನು ಚಿರಿಕಾವಾ ನಾಯಕ ಕೊಚೀಸ್ ಮೇಲೆ ಹೊರಿಸಿದ. ಕೊಚೀಸ್ ಅಲ್ಲಗಳೆದ. ಎರಡೂ ಕಡೆ ಒತ್ತೆಯಾಳುಗಳ ಹೆಣ ಬಿದ್ದವು, ಹತ್ತು ವರ್ಷ ದಾಟಿದ ಯುದ್ಧ ಹೊತ್ತಿಕೊಂಡಿತು. ಅದೇ ಹುಡುಗ ಮುಂದೆ ಸೈನ್ಯದ ಸ್ಕೌಟ್, ದುಭಾಷಿ ಆದ. ಅವನನ್ನು ಜೆರೊನಿಮೊ ನಂಬಲಿಲ್ಲ. 1885ರಲ್ಲಿ ಮೀಸಲು ಪ್ರದೇಶ ಬಿಟ್ಟು ಓಡಿದ್ದಕ್ಕೆ ಜೆರೊನಿಮೊ ಕೊಟ್ಟ ಕಾರಣಗಳಲ್ಲಿ ಮಿಕಿ ಫ್ರೀ ಮತ್ತು ಚಾಟೊ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಭಯವೂ ಇತ್ತು.

ಈ ಇತಿಹಾಸದಲ್ಲಿ ಕ್ಷಮಿಸಲಾಗದ್ದು 1886ರ ನಿರ್ಧಾರ. ಆ ಬೇಸಿಗೆ ಚಾಟೊನನ್ನು ವಾಷಿಂಗ್ಟನ್ನಿಗೆ ಕರೆಸಿ ಪದಕ ಕೊಟ್ಟರು. ವಾಪಸು ಬರುವ ದಾರಿಯಲ್ಲೇ ತಡೆದು ಫ್ಲಾರಿಡಾದ ಕೋಟೆಗೆ ಅಟ್ಟಿದರು. ಮೀಸಲು ಪ್ರದೇಶದಲ್ಲಿ ಶಾಂತವಾಗಿದ್ದ ನೂರಾರು ಚಿರಿಕಾವಾಗಳಿಗೂ, ಸೈನ್ಯದ ಸಮವಸ್ತ್ರ ತೊಟ್ಟು ದುಡಿದವರಿಗೂ ಅದೇ ಗತಿಯಾಯಿತು. 1890ರ ಜನವರಿಯಲ್ಲಿ, ಮುಂದೆ ಅವರನ್ನು ಸಾಗಿಸಿದ್ದ ಅಲಬಾಮದ ಸೆರೆಶಿಬಿರಕ್ಕೆ ಕ್ರೂಕ್ ಬಂದಾಗ, ಸೆರೆಯಲ್ಲಿ ತೊಟ್ಟುಕೊಳ್ಳಲೆಂದು ಈ ಪದಕ ಕೊಟ್ಟರಾ ಎಂದು ಚಾಟೊ ಕೇಳಿದ. ಸ್ಕೌಟ್‌ಗಳಿಗಾದ ಅನ್ಯಾಯದ ವಿರುದ್ಧ ಕ್ರೂಕ್ ದನಿಯೆತ್ತಿದ. ಎರಡೇ ತಿಂಗಳಲ್ಲಿ ತೀರಿಕೊಂಡ. ಯುದ್ಧಕೈದಿಗಳೆಂಬ ಹಣೆಪಟ್ಟಿ ಕಳಚಲು 1913 ಬರಬೇಕಾಯಿತು. ಬದುಕುಳಿದವರಲ್ಲಿ ಕೆಲವರು ಆ ಹೊತ್ತಿಗೆ ತಮ್ಮನ್ನು ಇರಿಸಲಾಗಿದ್ದ ಒಕ್ಲಹೋಮದಲ್ಲೇ ಉಳಿದರು, ಹೆಚ್ಚಿನವರು ನ್ಯೂ ಮೆಕ್ಸಿಕೋದ ಮೆಸ್ಕಲೆರೊಗೆ ಹೋದರು. ಅರಿಜೋನಾದ ಅವರ ನೆಲವನ್ನು ಮಾತ್ರ ಅವರಿಗೆ ಮರಳಿ ಕೊಡಲಿಲ್ಲ.