ಕ್ಯಾಮೆರಾ ಒಳಗೆ, ಬೀಗದ ಕೈ ಜೋರ್ಡಾನ್ ಬಳಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಚಿಕಾಗೊ ಬುಲ್ಸ್ ಇನ್ನು ಬಹಳ ದಿನ ಒಟ್ಟಿಗಿರುವುದಿಲ್ಲ ಎಂಬುದು 1997ರಲ್ಲೇ ಖಚಿತವಾಗಿತ್ತು. ಐದು ಬಾರಿ ಎನ್‌ಬಿಎ ಪ್ರಶಸ್ತಿ ಗೆದ್ದಿದ್ದ ತಂಡದ ಜನರಲ್ ಮ್ಯಾನೇಜರ್ ಜೆರ್ರಿ ಕ್ರೌಸ್, ಇದೇ ಕೊನೆಯ ವರ್ಷ ಎಂದು ಕೋಚ್ ಫಿಲ್ ಜಾಕ್ಸನ್ ಅವರಿಗೆ ಹೇಳಿಬಿಟ್ಟಿದ್ದರು. ಆ ಕೊನೆಯ ವರ್ಷವನ್ನು ತಂಡದ ಜೊತೆಗೇ ಇದ್ದು ಚಿತ್ರೀಕರಿಸಬೇಕೆಂಬ ಹಂಬಲ ಎನ್‌ಬಿಎ ಎಂಟರ್‌ಟೇನ್‌ಮೆಂಟ್‌ನ ಆಂಡಿ ಥಾಂಪ್ಸನ್ ಅವರದು. ಆದರೆ ತಂಡದ ತಾರೆ ಮೈಕಲ್ ಜೋರ್ಡಾನ್ ಒಪ್ಪಬೇಕಲ್ಲ? ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಡಮ್ ಸಿಲ್ವರ್ (ಈಗ ಎನ್‌ಬಿಎ ಕಮಿಷನರ್) ಒಂದು ಕರಾರು ಮುಂದಿಟ್ಟರು: ಜೋರ್ಡಾನ್ ಅನುಮತಿಯಿಲ್ಲದೆ ಒಂದು ದೃಶ್ಯವೂ ಹೊರಬೀಳದು.

ಹೀಗೆ ಚಿತ್ರೀಕರಿಸಿದ 500 ಗಂಟೆಗೂ ಮೀರಿದ ದೃಶ್ಯಗಳು ಸುಮಾರು ಎರಡು ದಶಕ ಕಪಾಟಿನಲ್ಲೇ ಉಳಿದವು. 2016ರ ಜೂನ್‌ನಲ್ಲಿ ನಿರ್ಮಾಪಕ ಮೈಕ್ ಟೋಲಿನ್ ಹೋಗಿ ಕೇಳಿದಾಗ ಜೋರ್ಡಾನ್ ಹೂಂ ಎಂದರು. ಅದೇ ದಿನ ಕ್ಲೀವ್‌ಲ್ಯಾಂಡ್‌ನ ಬೀದಿಗಳಲ್ಲಿ ಜೋರ್ಡಾನ್‌ಗೆ ಹೋಲಿಸಲಾಗುವ ಲೆಬ್ರಾನ್ ಜೇಮ್ಸ್ ಅವರ ತಂಡದ ಎನ್‌ಬಿಎ ವಿಜಯದ ಮೆರವಣಿಗೆ ಸಾಗಿತ್ತು.

2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಮನೆಯೊಳಗೆ ಕೂತಿದ್ದಾಗ, ಆ ದೃಶ್ಯಗಳನ್ನು ಬಳಸಿದ ಸಾಕ್ಷ್ಯಚಿತ್ರ ‘ದಿ ಲಾಸ್ಟ್ ಡಾನ್ಸ್’ ಹತ್ತು ಕಂತುಗಳಲ್ಲಿ ಬಂತು. ಜೋರ್ಡಾನ್ ಅವರ ಜಂಪ್ 23 ಕಂಪನಿ ಅದರಲ್ಲಿ ಪಾಲುದಾರ. ಅವರ ವ್ಯವಹಾರ ನೋಡಿಕೊಳ್ಳುವ ಎಸ್ಟೀ ಪೋರ್ಟ್‌ನಾಯ್ ಮತ್ತು ಕರ್ಟಿಸ್ ಪೋಕ್ ಕಾರ್ಯಕಾರಿ ನಿರ್ಮಾಪಕರು. ಜೋರ್ಡಾನ್ ಅವರದೇ ಕಂಪನಿ ಕೈಹಾಕಿದ ಚಿತ್ರದಲ್ಲಿ ಅವರಿಗೆ ಬೇಡದ್ದು ಬಾರದಿರಬಹುದು. ಅದು ಒಳ್ಳೆಯ ಪತ್ರಿಕೋದ್ಯಮವಲ್ಲ ಎಂದು ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಬಹಿರಂಗವಾಗಿಯೇ ಆಕ್ಷೇಪಿಸಿದರು.

ಆಕ್ಷೇಪದಲ್ಲಿ ಹುರುಳಿದೆ. ಎದುರಾಳಿಗಳ ಮಾತನ್ನು ಐಪ್ಯಾಡ್‌ನಲ್ಲಿ ಜೋರ್ಡಾನ್ ಕೈಗೆ ಕೊಟ್ಟು ಉತ್ತರ ಕೇಳುತ್ತಾರೆ. ಗ್ಯಾರಿ ಪೇಟನ್ ಮಾತಿಗೆ ಅವರು ಗಹಗಹಿಸಿ ನಗುತ್ತಾರೆ. ಆ ನಗುವಿಗೆ ಮರುತ್ತರ ಕೊಡುವ ಅವಕಾಶ ಪೇಟನ್‌ಗಿಲ್ಲ. ಜೋರ್ಡಾನ್ ಅವರ ಮೊದಲ ಪತ್ನಿಯ ಸಂದರ್ಶನವೇ ಇಲ್ಲ. ತಮ್ಮನ್ನು ಬರೀ ರಂಗಪರಿಕರದಂತೆ ತೋರಿಸಿದ್ದಾರೆಂದು ನೊಂದ ಬುಲ್ಸ್‌ನ ಸಹ ಆಟಗಾರ ಸ್ಕಾಟಿ ಪಿಪ್ಪೆನ್, 2021ರ ‘ಅನ್‌ಗಾರ್ಡೆಡ್’ ಪುಸ್ತಕದಲ್ಲಿ ಅದನ್ನೆಲ್ಲ ತೋಡಿಕೊಂಡರು. ಹಾಗೆಂದು ಇಡೀ ಚಿತ್ರ ಸುಳ್ಳಲ್ಲ. ಅಭ್ಯಾಸದ ವೇಳೆ ಸಹ ಆಟಗಾರ ಸ್ಕಾಟ್ ಬರೆಲ್ ಅವರನ್ನು ಜೋರ್ಡಾನ್ ಹಣಿಯುವ ದೃಶ್ಯಗಳು ನಾಯಕನಿಗೆ ಶೋಭೆ ತರುವಂಥವಲ್ಲ. ಅವು ಉಳಿದುಕೊಂಡಿವೆ.

ಕಾವಲಿಲ್ಲದ ಕ್ಯಾಮೆರಾ ಏನು ಮಾಡಬಲ್ಲದು ಎಂಬುದನ್ನು ಇಂಗ್ಲೆಂಡ್ 1994ರಲ್ಲೇ ಕಂಡಿತ್ತು. ವಿಶ್ವಕಪ್‌ಗೆ ಅರ್ಹತೆ ಪಡೆಯಲಾಗದ ಫುಟ್‌ಬಾಲ್ ತಂಡದ ಮ್ಯಾನೇಜರ್ ಗ್ರಹಾಂ ಟೇಲರ್ ಮೈಕ್ ಧರಿಸಿದ್ದರು. ರೆಫರಿಯಿಂದಾಗಿ ತಮ್ಮ ಕೆಲಸವೇ ಹೋಯಿತೆಂದು ಮೈದಾನದಂಚಿನಲ್ಲಿ ಅಲವತ್ತುಕೊಂಡದ್ದನ್ನು ಚಾನೆಲ್ 4 ಹಾಗೇ ತೋರಿಸಿತು.

2017–18ರಲ್ಲಿ ಇಂಗ್ಲೆಂಡಿನದೇ ಎರಡು ಫುಟ್‌ಬಾಲ್ ಕ್ಲಬ್‌ಗಳು ಕ್ಯಾಮೆರಾಕ್ಕೆ ಬಾಗಿಲು ತೆರೆದವು. ಮ್ಯಾಂಚೆಸ್ಟರ್ ಸಿಟಿ 100 ಅಂಕದೊಂದಿಗೆ ಲೀಗ್ ಗೆದ್ದಿತು. ಅಮೆಜಾನ್‌ನ ಸರಣಿ ಅದರ ವಿಜಯಗಾಥೆಯಾಯಿತು. ಸಂಡರ್‌ಲ್ಯಾಂಡ್ ಮೂರನೇ ದರ್ಜೆಗೆ ಕುಸಿಯಿತು. ನೆಟ್‌ಫ್ಲಿಕ್ಸ್‌ನ ‘ಸಂಡರ್‌ಲ್ಯಾಂಡ್ ಟಿಲ್ ಐ ಡೈ’ ತಯಾರಿಸಿದವರು ಅದೇ ಕ್ಲಬ್ಬಿನ ಅಭಿಮಾನಿಗಳು, ಆದರೂ ಸೋಲು ಮುಚ್ಚಿಡುವಂಥದ್ದಾಗಿರಲಿಲ್ಲ. ಎರಡರಲ್ಲಿ ಹೆಚ್ಚು ನಂಬಬಹುದಾದದ್ದು ಈ ಸೋತವರ ಚಿತ್ರವೇ.

ಇನ್ನು ನಮ್ಮ ಕ್ರಿಕೆಟ್ ತಂಡ ಆರ್‌ಸಿಬಿಯ ‘ಬೋಲ್ಡ್ ಡೈರೀಸ್’ ವಿಡಿಯೊಗಳನ್ನು ತಯಾರಿಸುವುದೂ ಯೂಟ್ಯೂಬ್‌ಗೆ ಹಾಕುವುದೂ ತಂಡವೇ. ಅಭಿಮಾನದಿಂದ ನೋಡೋಣ, ತನಿಖಾ ವರದಿ ಎಂದುಕೊಳ್ಳುವುದು ಬೇಡ.

‘ದಿ ಲಾಸ್ಟ್ ಡಾನ್ಸ್’ನಲ್ಲಿ ಖಳನ ಸ್ಥಾನ ಸಿಕ್ಕಿದ್ದು ಕ್ರೌಸ್ ಅವರಿಗೆ. ಅವರು 2017ರಲ್ಲೇ ತೀರಿಕೊಂಡಿದ್ದರು. ಬರೆದಿಟ್ಟಿದ್ದ ಅಪೂರ್ಣ ಆತ್ಮಕಥೆಯ ಭಾಗಗಳು 2020ರಲ್ಲಿ ಎನ್‌ಬಿಸಿ ಸ್ಪೋರ್ಟ್ಸ್ ಚಿಕಾಗೊದಲ್ಲಿ ಪ್ರಕಟವಾದವು. ಹತ್ತೂ ಕಂತು ನೋಡಿದವರು ಅವನ್ನೂ ಪಿಪ್ಪೆನ್ ಪುಸ್ತಕವನ್ನೂ ಓದಬೇಕು.